ಮಾಳಪ್ಪ ಕಾಕಾ ತುಂಬಿದ ಎಣ್ಣೆ

ನಾಲ್ಕು ವರ್ಷದ ಹಿಂದೆ, ದಸರೆ ಮುಗಿದ ಮೇಲಿನ ವಾರ. ಬೀಳಗಿಯಲ್ಲಿ ನನ್ನದೊಂದು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು ಇದೆ. ಕಬ್ಬಿನ ಹಂಗಾಮು ಶುರುವಾಗುವ ಹೊತ್ತಾದ್ದರಿಂದ ಕೈತುಂಬ ಕೆಲಸವಿತ್ತು. ಅಂಥದರಲ್ಲಿ ಒಂದು ಬೆಳಿಗ್ಗೆ ಹಣಮಂತನ ಫೋನ್ ಬಂತು. ಅವನು ನನ್ನ ಹಳೆಯ ಗೆಳೆಯ. ಅನಗವಾಡಿ ಕಡೆ ಕೃಷ್ಣೆಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ.

“ದೋಣಿ ಮಷಿನ್ ಕೆಟ್ಟೈತಿ, ಲಗೂನ ಬಾ. ನಿನ್ನೆ ಸಂಜೀಕ ಕುರಿ ಕಾಯೋ ಹುಡುಗ ಒಬ್ಬ ನೀರಾಗ ಹೋಗ್ಯಾನ. ಹುಡುಕಾಕತ್ತೇವಿ, ಇನ್ನೂ ಸಿಕ್ಕಿಲ್ಲ” ಅಂದ.

“ನಾ ಟ್ರ್ಯಾಕ್ಟರ್ ಮಿಸ್ತ್ರಿ ಅದೀನೋ. ದೋಣಿ ಮಷಿನ್ ಮುಟ್ಟಿಯೂ ನೋಡಿಲ್ಲ.”

“ಅದಕ್ಕೂ ಗೇರ್ ಅದಾವ, ಇದಕ್ಕೂ ಗೇರ್ ಅದಾವ. ನೀ ಬಾ ಮೊದಲ.”

ಟ್ರ್ಯಾಕ್ಟರಿಗೆ ಹಾಕುವ ಗೇರ್ ಆಯಿಲ್ ಡಬ್ಬಿ, ತಿರುಪು ಬಿಚ್ಚುವ ಪಾನಾಗಳ ಚೀಲ ಬೈಕಿಗೆ ಕಟ್ಟಿಕೊಂಡು ಹೊರಟೆ.

ದಂಡೆಯ ಮೇಲೆ ಜನ ಕೂಡಿದ್ದರು. ಮೇಲಿನ ಇಳಿಜಾರಿನಲ್ಲಿ ಕುರಿಗಳನ್ನು ಸುತ್ತ ಬಲೆ ಕಟ್ಟಿ ನಿಲ್ಲಿಸಿದ್ದರು. ನೀರಿನ ಅಂಚಿಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮುದುಕರೊಬ್ಬರು ನಿಂತಿದ್ದರು. ಯಾರು ಕೂಡ್ರಿಸಲು ಹೋದರೂ ಕೂಡ್ರುತ್ತಿರಲಿಲ್ಲ.

“ಹುಡುಗನ ಅಪ್ಪ, ಮಾಳಪ್ಪ ಕಾಕಾ” ಎಂದು ಹಣಮಂತ ಮೆಲ್ಲಗೆ ಹೇಳಿದ. ಮಗ ಬೀರಪ್ಪನಿಗೆ ಇಪ್ಪತ್ತರ ಆಸುಪಾಸು. ನೀರಿಗೆ ಬಿದ್ದ ಮರಿಯೊಂದನ್ನು ಹಿಡಿಯಲು ಇಳಿದಿದ್ದನಂತೆ. ಮರಿ ತಾನೇ ಈಜಿ ಬಂತು. ಬೀರಪ್ಪ ಬರಲಿಲ್ಲ.

ಹುಟ್ಟು ಹಾಕುವ ಸಣ್ಣ ದೋಣಿಗಳು ದಂಡೆಯ ಆಚೀಚೆ ಹುಡುಕುತ್ತಿದ್ದವು. ಹಿನ್ನೀರಿನ ನಡುಭಾಗದ ತನಕ ಹೋಗಲು ಇದ್ದದ್ದು ಹಣಮಂತನ ಮಷಿನ್ ದೋಣಿಯೊಂದೇ. ಗೇರ್ ಹಾಕಿದರೆ ಅದು ಕೊರಕೊರ ಅನ್ನುತ್ತಿತ್ತು. ಮಷಿನ್ ಇಳಿಸಿ, ದಂಡೆಯ ಮೇಲಿದ್ದ ಚಕ್ಕಡಿಯ ಹಲಗೆಗೆ ನೆಟ್ಟಗೆ ಕಟ್ಟಿದೆವು. ನೀರು ತಳ್ಳುವ ಫ್ಯಾನ್ ಬಿಚ್ಚಿ ನೋಡಿದರೆ ಅದರ ಹಿಂದೆ ಬಲೆಯ ದಾರ ಬಿಗಿಯಾಗಿ ಸುತ್ತಿಕೊಂಡು, ಒಳಗಿನ ರಬ್ಬರ್ ಸೀಲನ್ನು ಕೊಯ್ದುಬಿಟ್ಟಿತ್ತು. ಗೇರ್ ಪೆಟ್ಟಿಗೆಯ ಕೆಳಗೊಂದು, ಮೇಲೊಂದು ತಿರುಪು ಇತ್ತು. ಎರಡನ್ನೂ ಬಿಚ್ಚಿದೆ. ಹಾಲು ಹಾಕಿದ ಚಹಾದಂಥ ಎಣ್ಣೆ ಬಳಬಳ ಸುರಿಯಿತು.

ಯಾವಾಗ ಬಂದರೋ, ಮಾಳಪ್ಪ ಕಾಕಾ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು.

“ಏನಾಗೈತ್ರಿ ಮಿಸ್ತ್ರಿ ಇದಕ್ಕ?”

“ಒಳಗ ನೀರು ಹೋಗೈತ್ರಿ ಕಾಕಾ” ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ ಆ ಬಿಳಿ ಎಣ್ಣೆಯನ್ನು ನೋಡುತ್ತ ತಲೆ ಅಲ್ಲಾಡಿಸಿದರು.

ಹೊಸ ಎಣ್ಣೆ ತುಂಬುವುದೇ ತೊಡಕಾಯಿತು. ಮೇಲಿಂದ ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಕೆಳಗಿನ ತೂತಿನಿಂದ ಒತ್ತಿ ಏರಿಸಬೇಕು, ಮೇಲಿನ ತೂತಿನಿಂದ ಹೊರಬರುವ ತನಕ. ಅದಕ್ಕೆ ಬೇಕಾದ ಪಂಪ್ ನನ್ನ ಹತ್ತಿರ ಇರಲಿಲ್ಲ. ಬಾಟಲಿಗೆ ನಳಿಗೆ ಸಿಕ್ಕಿಸಿ ನೋಡಿದೆ. ಎಣ್ಣೆಯೆಲ್ಲ ಮಣ್ಣಿಗೆ ಹೋಯಿತು. ಪಂಪ್ ಹುಡುಕಿ ತರಲು ಬಾಗಲಕೋಟೆಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು.

ಮಾಳಪ್ಪ ಕಾಕಾ ಎದ್ದು ಕುರಿಗಳ ಕಡೆ ನಡೆದರು. ಅಲ್ಲಿದ್ದ ಗಂಟು ಬಿಚ್ಚಿ, ಉದ್ದ ಮೂತಿಯ ದೊಡ್ಡ ಪಿಚಕಾರಿಯೊಂದನ್ನು ತಂದರು.

“ಕುರಿಗೆ ಔಷಧ ಕುಡಸೋದ್ರಿ ಇದು. ನಡೀತೈತೇನ ನೋಡ್ರಿ.”

ಮೂತಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿದೆ, ತೂತಿಗೆ ಸರಿಯಾಗಿ ಕೂತಿತು. ಪಿಚಕಾರಿಗೆ ನಾನು ಕೈ ಚಾಚಿದೆ. ಅವರು ಬಿಡಲಿಲ್ಲ.

“ಕಾಕಾ, ನೀವು ಅತ್ತಾಗ ಕೂಡ್ರಿ, ನಾವು ಮಾಡ್ತೇವಿ” ಎಂದು ಹಣಮಂತ ಅವರ ತೋಳು ಹಿಡಿದ.

“ಕೂತು ಏನ್ ಮಾಡ್ಲೆಪಾ?” ಅಂದರು. ಆಮೇಲೆ ನನ್ನ ಮುಖ ನೋಡಿ, “ಏನರ ಒಂದು ಮಾಡಾಕ ಕೊಡ್ರಿ ನನಗ” ಅಂದರು.

ಚಾಚಿದ ಕೈ ಹಿಂದೆ ತೆಗೆದುಕೊಂಡೆ. ಡಬ್ಬಿ ಎತ್ತಿ ಪಿಚಕಾರಿಗೆ ಎಣ್ಣೆ ಹಾಕಿದೆ. ಅವರು ಒಂದು ಕೈಯಿಂದ ಮಷಿನ್ ಹಿಡಿದು, ಇನ್ನೊಂದರಿಂದ ಸಾವಕಾಶವಾಗಿ ಒತ್ತಿದರು. ನಾನು ಮತ್ತೆ ತುಂಬಿಕೊಡುವ ತನಕ ತೂತಿಗೆ ಹೆಬ್ಬೆರಳು ಒತ್ತಿ ಕಾಯುತ್ತಿದ್ದರು. ಒತ್ತುವಾಗ ರೂಢಿಯ ಮೇಲೆ, “ಕುಡಿ, ಕುಡಿ” ಎಂದು ತಮ್ಮಷ್ಟಕ್ಕೆ ಅನ್ನುತ್ತಿದ್ದರು. ಮೇಲಿನ ತೂತಿನಿಂದ ಮೊದಲು ಗುಳ್ಳೆ ಗುಳ್ಳೆಯಾಗಿ, ಆಮೇಲೆ ತಿಳಿಯಾಗಿ ಎಣ್ಣೆ ಇಳಿಯಿತು. ಮೇಲಿನ ತಿರುಪು ಬಿಗಿದೆ. ಅವರು ಪಿಚಕಾರಿ ತೆಗೆದ ಕೂಡಲೇ ಕೆಳಗಿನದನ್ನೂ ಬಿಗಿದೆ. ದಾರ ತೆಗೆದು ಫ್ಯಾನ್ ಹಾಕಿ, ಮಷಿನ್ ಮತ್ತೆ ದೋಣಿಗೆ ಏರಿಸಿದೆವು.

“ಸೀಲ್ ಹರದೈತಿ, ಮತ್ತ ನೀರು ಹೊಕ್ಕೊಂತೈತಿ. ಬಾಳ ಎಳೀಬ್ಯಾಡ. ಒಂದ್ ಸುತ್ತು ಹಾಕಿ ಹೊಳ್ಳಿ ಬಾ, ಎಣ್ಣಿ ಬದಲಿ ಮಾಡೂಣು” ಎಂದು ಹಣಮಂತನಿಗೆ ಹೇಳಿದೆ.

ಆ ದಿನ ಅದೇ ಕೆಲಸ. ದೋಣಿ ಹೋಗುತ್ತಿತ್ತು, ಬರುತ್ತಿತ್ತು. ಬಂದಾಗಲೆಲ್ಲ ಎಣ್ಣೆ ಬೆಳ್ಳಗಾಗಿರುತ್ತಿತ್ತು. ಮಾಳಪ್ಪ ಕಾಕಾ ಪಿಚಕಾರಿ ಒರೆಸಿ ಹಿಡಿದುಕೊಂಡೇ ಕಾಯುತ್ತಿದ್ದರು. ಯಾರೋ ಕೊಟ್ಟ ರೊಟ್ಟಿ ಕಂಬಳಿಯ ಮೇಲೆ ಹಾಗೇ ಇತ್ತು.

ಹೊತ್ತು ಇಳಿಯುವಾಗ ಹೊರಟ ಸುತ್ತಿಗೆ ಅವರೂ ಕಂಬಳಿ ಹೆಗಲಿಗೆ ಹಾಕಿಕೊಂಡು ದೋಣಿ ಹತ್ತಿದರು. ಯಾರೂ ಬೇಡ ಅನ್ನಲಿಲ್ಲ. ಮಷಿನಿನ ಸದ್ದು ಕೇಳುತ್ತ ನಾನು ಹಿಂದೆ ಕೂತೆ. ನೀರಿನಲ್ಲಿ ಮುಳುಗಿದ ಹಳೆಯ ಹೊಲಗಳ ಜಾಲಿ ಮರಗಳು ಒಂದೆಡೆ ತಲೆ ಎತ್ತಿ ನಿಂತಿವೆ. ಬೀರಪ್ಪ ಅಲ್ಲಿ ಸಿಕ್ಕ. ಟೊಂಗೆಯೊಂದು ಅವನ ಅಂಗಿ ಹಿಡಿದುಕೊಂಡಿತ್ತು. ಹಣಮಂತನೂ ನಾನೂ ಸೇರಿ ಮೇಲೆತ್ತಿ, ಕಂಬಳಿ ಹೊದಿಸಿ ಮಲಗಿಸಿದೆವು. ದಂಡೆಯಲ್ಲಿ ಹುಡುಗನ ತಾಯಿ ಕಾಯುತ್ತಿದ್ದಾಳೆಂದು ಹಣಮಂತ ಮಷಿನ್ ಜೋರು ಮಾಡಿದ.

“ಸಾವಕಾಶ ಹೋಗಪಾ. ಇನ್ನ ಅವಸರ ಏನೈತಿ” ಅಂದರು ಮಾಳಪ್ಪ ಕಾಕಾ.

ಹಣಮಂತ ಸದ್ದು ತಗ್ಗಿಸಿದ. ಮಗನ ಪಕ್ಕದಲ್ಲಿ ಕೂತಿದ್ದರೂ ಅವರು ಅವನನ್ನು ಮುಟ್ಟಿರಲಿಲ್ಲ. ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು, ಧೋತರಕ್ಕೆ ಒರೆಸುತ್ತಿದ್ದರು, ಮತ್ತೆ ನೋಡಿಕೊಳ್ಳುತ್ತಿದ್ದರು. ನನಗೆ ಆಗ ತಿಳಿಯಿತು. ಗೇರ್ ಎಣ್ಣೆಯ ಜಿಡ್ಡು, ಅದರ ನಾತ ಒರೆಸಿದರೆ ಹೋಗುವಂಥದಲ್ಲ. ಚೀಲದಲ್ಲಿ ಸಾಬೂನಿನ ಪುಡಿ ಇತ್ತು. ಅವರ ಕೈ ಎಳೆದುಕೊಂಡು ಪುಡಿ ಹಾಕಿ ಬೆರಳ ಸಂದಿಯನ್ನೆಲ್ಲ ತಿಕ್ಕಿದೆ. ಹಿನ್ನೀರನ್ನು ಬೊಗಸೆಯಲ್ಲಿ ಮೊಗೆದು ಸುರಿದೆ. ಸಣ್ಣ ಮಕ್ಕಳಂತೆ ಅವರು ಎರಡೂ ಕೈ ಚಾಚಿ ಕೂತಿದ್ದರು. ಕೈ ಸ್ವಚ್ಛವಾದ ಮೇಲೆ ಕಂಬಳಿ ಸರಿಸಿ, ಮಗನ ಕೆನ್ನೆಯ ಮೇಲಿಟ್ಟರು. ಆಗ ಅತ್ತರು.

ದುಃಖದಲ್ಲಿದ್ದವರನ್ನು ಒಂದು ಕಡೆ ಕೂಡ್ರಿಸಬೇಕು, ಏನೂ ಮಾಡಗೊಡಬಾರದು ಎಂದೇ ನಾನು ತಿಳಿದಿದ್ದೆ. ಎಲ್ಲರ ಮನಸ್ಸೂ ಒಂದೇ ತರಹ ಇರಲಿಕ್ಕಿಲ್ಲ. ಆದರೂ ಹೋದ ವರ್ಷ ನಮ್ಮ ಓಣಿಯ ಶಿವಾನಂದನ ಹೆಂಡತಿ ತೀರಿಕೊಂಡಾಗ, ಜನ ಅವನನ್ನು ಮೂಲೆಗೆ ಕೂಡ್ರಿಸಿದ್ದರು. ಅವನು ಕೈ ಹೊಸೆಯುತ್ತ ಬಾಗಿಲ ಕಡೆ ನೋಡುತ್ತಿದ್ದ. ಹತ್ತಿರ ಹೋಗಿ, “ನೀರು ತರಬೇಕಾಗೈತಿ, ಬರ್ತೀಯೇನು?” ಎಂದು ಕೇಳಿದೆ.

ಯಾರೋ ನನ್ನನ್ನು ಗದರಿಸಿದರು. ಶಿವಾನಂದ ಮಾತ್ರ ಎದ್ದು ಹೊರಗೆ ಬಂದು ಕೊಡ ಎತ್ತಿಕೊಂಡ. ನಾನೂ ಒಂದು ಕೊಡ ಎತ್ತಿಕೊಂಡು ಅವನ ಜೊತೆ ನಳದ ತನಕ ನಡೆದೆ.