ಹೆಲ್ಮೆಟ್ ಬಚ್ಚಿಡುತ್ತಿದ್ದ ಪಾವ್ಲಿಕ್

ಗುರುವಾರ, ಬೆಳಗಿನ ಐದೂ ಕಾಲು. ಟಾರ್ವೆಲ್ ಕಾಲೇಜಿನ ವ್ಯಾಯಾಮಶಾಲೆಯ ನೆಲಮಾಳಿಗೆಯಲ್ಲಿ ಎರಡು ದೊಡ್ಡ ಬಟ್ಟೆ ಒಗೆಯುವ ಯಂತ್ರಗಳು ಗುಡುಗುಡು ಅನ್ನುತ್ತಿವೆ. ಡೆಲ್ಬರ್ಟ್ ಪಾವ್ಲಿಕ್ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಾರೆ. ಎಡಗೈಯಲ್ಲಿ ಹೆಂಡತಿಯ ಹೇರ್ ಡ್ರೈಯರ್, ಬಲಗೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವ ಮೊಂಡು ಚಾಕು. ಎದುರಿನ ಹಸಿರು ಗೋಡೆಯ ಮೇಲೆ ಎರಡು ಬೆರಳಗಲ, ಗೇಣುದ್ದದ ಬಿಳಿ ಅಂಟುಪಟ್ಟಿ. ಅದರ ಮೇಲೆ ಕಪ್ಪು ಶಾಯಿಯಲ್ಲಿ ಒಂದು ಹೆಸರು: ಮಿಲಿಗನ್. ಹೆಸರಿನ ಪಕ್ಕ ಎರಡು ಚುಕ್ಕೆ.

ಬಿಸಿಗಾಳಿ ಹಿಡಿದು, ಅಂಟು ಮೆತ್ತಗಾದ ಮೇಲೆ ಮೂಲೆಯಿಂದ ಚಾಕು ತೂರಿಸಿ, ಉಸಿರು ಬಿಗಿಹಿಡಿದು ಎತ್ತಬೇಕು. ಒಂದು ಪಟ್ಟಿಗೆ ಎರಡು ನಿಮಿಷ. ಅವಸರ ಮಾಡಿದರೆ ಪಟ್ಟಿ ಹರಿದು ಹೆಸರು ಚೂರಾಗಿ ಕೈಗೆ ಬರುತ್ತದೆ. ಮೊದಲ ವಾರ ಹಾಗೆ ಹನ್ನೊಂದು ಹೆಸರು ಹಾಳಾದವು. ಆ ಹನ್ನೊಂದನ್ನೂ ಅವರು ಬಾಯಿಪಾಠ ಹೇಳಬಲ್ಲರು.

ಗೋಡೆಯ ಮೇಲೆ ಇದ್ದದ್ದು ಒಟ್ಟು ಎರಡು ಸಾವಿರದ ನೂರ ನಲವತ್ತು ಪಟ್ಟಿ. ಇನ್ನು ಉಳಿದಿರುವುದು ಮುನ್ನೂರ ನಲವತ್ತು. ಸೋಮವಾರ ಗೋಡೆ ಒಡೆಯುತ್ತಾರೆ. ಈ ಕೋಣೆಗೆ ಕಂಪ್ಯೂಟರ್ ಆಟಗಳ ತಂಡ ಬರಲಿದೆ. ಅವರಿಗೂ ಒಬ್ಬ ಕೋಚ್ ಇದ್ದಾನೆ, ಜೆರ್ಸಿಯೂ ಇದೆ.

ಮೆಟ್ಟಿಲಿಳಿದು ಬಂದ ಕಟ್ಟಡ ನಿರ್ವಹಣೆಯ ಮೇಲ್ವಿಚಾರಕ ನೋಲನ್ ಫ್ರಿಚ್ ಬಾಗಿಲಿಗೊರಗಿ ನಿಲ್ಲುತ್ತಾರೆ.

"ಏನಯ್ಯಾ ಪಾವ್, ಗೋಡೆಯ ತಲೆ ಒಣಗಿಸ್ತಾ ಇದ್ದೀಯಾ?"

"ನಿನ್ನ ತಲೆ ಮೇಲೆ ಒಣಗಿಸೋಕೆ ಏನಾದ್ರೂ ಉಳಿದಿದ್ರೆ ಅಲ್ಲಿಗೇ ಹಿಡೀತಿದ್ದೆ."

ಬೋಳು ತಲೆ ಸವರಿಕೊಂಡು ಫ್ರಿಚ್ ನಗುತ್ತಾರೆ. "ಆ ಮೇಲಿನ ಮೂಲೆ ಯಾಕೆ ಹಾಗೇ ಬಿಟ್ಟಿದ್ದೀಯಾ? ಸುತ್ತ ಎಲ್ಲಾ ಬೋಳಿಸಿ ಆಯ್ತಲ್ಲ."

"ಅದು ಕೊನೆಗೆ."

"ಸೋಮವಾರ ಏಳು ಗಂಟೆಗೆ ಸುತ್ತಿಗೆ ಬೀಳುತ್ತೆ ಕಣಯ್ಯಾ. ನಾನು ಹೇಳಿದ್ರೂ ನಿಲ್ಲಲ್ಲ."

"ಗೊತ್ತು ಹೋಗೋ."

ಓಹಿಯೋ ನದಿ ದಂಡೆಯ ಈ ಕಾಲೇಜಿನಲ್ಲಿ ಫುಟ್‌ಬಾಲ್ ಶುರುವಾದದ್ದು 1907ರಲ್ಲಿ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡುವವನನ್ನು ಮೈಯಿಂದ ಗುದ್ದಿ ಕೆಡಹುವ ಆಟ. ಲ್ಯಾಟಿನ್ ಮೇಷ್ಟ್ರೊಬ್ಬರು ಹದಿನೆಂಟು ಹುಡುಗರನ್ನು ಜೋಳದ ಹೊಲಕ್ಕೆ ಇಳಿಸಿದರು. ನದಿಯ ಹಕ್ಕಿಯೆಂದು ತಂಡಕ್ಕೆ ಕೊಕ್ಕರೆ ಎಂದೇ ಹೆಸರಾಯಿತು. ಎದುರು ದಂಡೆಯ ಕಾಲೇಜಿನವರು ಪಂದ್ಯಕ್ಕೆ ಬಂದಾಗಲೆಲ್ಲ ಒಂಟಿ ಕಾಲಲ್ಲಿ ನಿಂತು ಅಣಕಿಸುತ್ತಿದ್ದರು. ಮಹಾಯುದ್ಧದ ಎರಡು ವರ್ಷ ಬಿಟ್ಟರೆ ಆಟ ನಿಲ್ಲಲಿಲ್ಲ. 1980ರಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿತು, ಊರಿನ ಅರ್ಧ ಜನ ಗಂಟುಮೂಟೆ ಕಟ್ಟಿದರು. ಆಗಲೂ ಶನಿವಾರ ಮಧ್ಯಾಹ್ನ ಮೈದಾನದ ಮೆಟ್ಟಿಲುಗಳು ತುಂಬುತ್ತಿದ್ದವು. ಬೇರೆ ಹೋಗಲು ಜಾಗವಿರಲಿಲ್ಲ.

ಪಾವ್ಲಿಕ್ ತಂದೆ ಆ ಕಾರ್ಖಾನೆಯ ಕುಲುಮೆಯಲ್ಲಿದ್ದವರು. ಮಗನಿಗೆ ಅಲ್ಲಿ ಕೆಲಸ ಸಿಗುವ ಹೊತ್ತಿಗೆ ಕಾರ್ಖಾನೆಯೇ ಇರಲಿಲ್ಲ. 1982ರಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ತಂಡದ ಸಾಮಾನು ನೋಡಿಕೊಳ್ಳುವವರಾಗಿ ಈ ನೆಲಮಾಳಿಗೆಗೆ ಇಳಿದರು. ಈಗ ಅರವತ್ತೇಳು. ಮೂವತ್ತೇಳು ಹಂಗಾಮು ಹೆಲ್ಮೆಟ್ ತಿರುಪು ಬಿಗಿ ಮಾಡಿದ್ದಾರೆ, ಕೆಸರು ಮೆತ್ತಿದ ಚಡ್ಡಿ ಒಗೆದಿದ್ದಾರೆ.

ಕಡೆಯ ಮೂರು ವರ್ಷದಲ್ಲಿ ತಂಡ ಮೂವತ್ತು ಪಂದ್ಯ ಆಡಿ ಗೆದ್ದದ್ದು ಎರಡು. 2018ರ ನವೆಂಬರ್‌ನಲ್ಲಿ, ಮಧ್ಯಾಹ್ನ ಊಟದ ಹೊತ್ತಿಗೆ, ತಂಡವನ್ನು ಮುಚ್ಚಲಾಗಿದೆ ಎಂಬ ನಾಲ್ಕು ಸಾಲಿನ ಇಮೇಲ್ ಬಂತು. ಐವತ್ತೇಳು ಹುಡುಗರು ಭೋಜನಶಾಲೆಯಲ್ಲಿ ಚಮಚ ಹಿಡಿದುಕೊಂಡೇ ಫೋನಿನಲ್ಲಿ ಅದನ್ನು ಓದಿದರು. ಜನವರಿಯಲ್ಲಿ ನಲವತ್ತೊಂದು ಮಂದಿ ಕಾಲೇಜು ಬಿಟ್ಟರು. ವಾರದೊಳಗೆ ಹಿಂಬಾಗಿಲಲ್ಲಿ ಲಾರಿಯಷ್ಟು ದೊಡ್ಡ ಕಸದ ತೊಟ್ಟಿ ಬಂದು ನಿಂತಿತು. ಪಂದ್ಯದ ರೀಲುಗಳು, ಫೋಟೋಗಳು, ಆಟಗಾರರ ಪಟ್ಟಿ, ಗಾಯದ ಕಡತ ಎಲ್ಲ ಅದರೊಳಗೆ. ಮೇಲೆ ಹಿಮ ಬಿತ್ತು. ಪಾವ್ಲಿಕ್ ಅದರಿಂದ ಎತ್ತಿಕೊಂಡು ಬಂದದ್ದು ಹಳೆಯ ಅಂಕಫಲಕದ ತಗಡುಗಳನ್ನು ಮಾತ್ರ. ಈಗ ಗೋಡೆಯಿಂದ ಬಿಡಿಸಿದ ಪಟ್ಟಿಗಳನ್ನು ಆ ತಗಡುಗಳಿಗೇ ಅಂಟಿಸುತ್ತಿದ್ದಾರೆ.

"ಗೋಡೆನ ತೊಟ್ಟಿಗೆ ಹಾಕೋಕೆ ಆಗ್ಲಿಲ್ವಲ್ಲ, ಅದಕ್ಕೇ ಇದು ಉಳೀತು," ಅನ್ನುತ್ತಾರೆ. "ಇಲ್ದಿದ್ರೆ ಇಲ್ಲಿ ಯಾರೂ ಆಡೇ ಇರ್ಲಿಲ್ಲ ಅಂತ ಆಗ್ತಿತ್ತು."

ಆಗಸ್ಟ್ ತಿಂಗಳ ತರಬೇತಿಗೆ ಹೊಸ ಹುಡುಗರು ಬಂದಾಗ ಕೋಚ್‌ಗಳಿಗೆ ಯಾರು ಯಾರೆಂದು ಗೊತ್ತಾಗದು. ಆದ್ದರಿಂದ ಎಲ್ಲರ ಹೆಲ್ಮೆಟ್ಟಿನ ಹಣೆಗೂ ಹೆಸರು ಬರೆದ ಪಟ್ಟಿ ಅಂಟಿಸುವುದು ಈ ಆಟದ ರೂಢಿ. ಮೊದಲ ಪಂದ್ಯದ ದಿನ ಅದನ್ನು ಕಿತ್ತೆಸೆಯುತ್ತಾರೆ. ಪಾವ್ಲಿಕ್ ಎಸೆಯಲಿಲ್ಲ, ಗೋಡೆಗೆ ಅಂಟಿಸಿದರು. ವರ್ಷ ವರ್ಷವೂ ಅಂಟಿಸಿದರು.

ಚುಕ್ಕೆಗಳ ಕಥೆ ಬೇರೆ. ತಲೆಗೆ ಪೆಟ್ಟು ಬಿದ್ದು ಹುಡುಗ ತೂರಾಡಿದರೆ ಅವನನ್ನು ಆಟದಿಂದ ಹೊರಗೆ ಕೂರಿಸಬೇಕು. ಇಪ್ಪತ್ತು ವರ್ಷದ ಹುಡುಗ ಕೂರುತ್ತಾನೆಯೇ? ಕಣ್ಣು ತಪ್ಪಿಸಿ ಹೆಲ್ಮೆಟ್ ಏರಿಸಿಕೊಂಡು ಮೈದಾನಕ್ಕೆ ನುಗ್ಗುತ್ತಾನೆ. ಅದಕ್ಕೆ ಒಂದೇ ಉಪಾಯ: ಅವನ ಹೆಲ್ಮೆಟ್ ಬಚ್ಚಿಡುವುದು. ಅದು ಪಾವ್ಲಿಕ್ ಕೆಲಸ. ಬ್ಯಾಂಡಿನವರ ದೊಡ್ಡ ಡೋಲಿನ ಪೆಟ್ಟಿಗೆಯಲ್ಲಿ, ಮಂಜುಗಡ್ಡೆಯ ಡಬ್ಬದಲ್ಲಿ, ಟವೆಲ್ ತೊಟ್ಟಿಯ ತಳದಲ್ಲಿ ಇಡುತ್ತಿದ್ದರು. ಒಮ್ಮೆ ಪಾದ್ರಿಯ ಕೋಟಿನ ಕೆಳಗೂ ಇಟ್ಟದ್ದುಂಟು. ಆಟ ಮುಗಿಯುವವರೆಗೆ ಬಚ್ಚಿಟ್ಟರೆ, ಆ ಸಂಜೆ ಗೋಡೆಯ ಮೇಲಿನ ಅವನ ಹೆಸರಿಗೆ ಒಂದು ಚುಕ್ಕೆ.

"ಮುನ್ನೂರ ಹನ್ನೆರಡು ಸಲ ಬಚ್ಚಿಟ್ಟಿದ್ದೀನಿ. ಒಬ್ಬನಿಗೂ ಸಿಕ್ಕಿಲ್ಲ," ಅನ್ನುವಾಗ ಅವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಆಮೇಲೆ ಮೇಲಿನ ಮೂಲೆಯನ್ನು ನೋಡುತ್ತಾರೆ.

ಈಗ ಆ ಹುಡುಗರಿಗೆ ನಲವತ್ತು, ಐವತ್ತು. ಕೆಲವರು ಫೋನ್ ಮಾಡುತ್ತಾರೆ. ಕೆಲವರ ಹೆಂಡತಿಯರು ಮಾಡುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ಎಷ್ಟು ಚುಕ್ಕೆ? ದಾಖಲೆ ಯಾವುದೂ ಉಳಿದಿಲ್ಲ ಎಂದು ಕಾಲೇಜು ಎರಡು ಸಾಲಿನ ಪತ್ರ ಬರೆದು ಕೈತೊಳೆದುಕೊಳ್ಳುತ್ತದೆ. ಕಳೆದ ಚಳಿಗಾಲದಿಂದ ಹದಿನಾಲ್ಕು ಮಂದಿ ಬಂದು ತಮ್ಮ ಪಟ್ಟಿ ಒಯ್ದಿದ್ದಾರೆ. ಇಬ್ಬರ ಪಟ್ಟಿಗಳನ್ನು ಮನೆಯವರು ಶವಪೆಟ್ಟಿಗೆಯಲ್ಲಿಟ್ಟರು.

ಇವತ್ತು ಹದಿನೈದನೆಯವರು ಬರುವವರಿದ್ದಾರೆ.

ಆರೂವರೆಗೆ ಯೊಲಾಂಡಾ ಓಡಮ್ ಗಂಡನ ಕೈ ಹಿಡಿದು ಮೆಟ್ಟಿಲು ಇಳಿಸುತ್ತಾರೆ. ಇನ್ನೊಂದು ಕೈಯಲ್ಲಿ ಒಂದು ಫೈಲು. ರಾಂಡಲ್ ಓಡಮ್ 2001ರಿಂದ 2004ರವರೆಗೆ ಇಲ್ಲಿ ಐವತ್ತೆರಡನೆಯ ನಂಬರಿನ ಜೆರ್ಸಿ ತೊಟ್ಟವರು. ಈಗ ನಲವತ್ತೆರಡು. ಭುಜ ಇನ್ನೂ ಬಾಗಿಲಗಲ. ಕೋಣೆಗೆ ಕಾಲಿಟ್ಟ ಕೂಡಲೇ ಅವರ ಮುಖ ಅರಳುತ್ತದೆ.

"ಪಾವ್! ಮುದುಕಾ, ಇನ್ನೂ ಬದುಕಿದ್ದೀಯೇನೋ?"

"ನಿನ್ನ ಚಡ್ಡಿ ಒಗೆದೂ ಬದುಕಿದ್ದೀನಿ ಅಂದ್ರೆ ಇನ್ಯಾಕೆ ಸಾಯ್ತೀನಿ ಮಗಾ."

ರಾಂಡಲ್ ಜೋರಾಗಿ ನಗುತ್ತಾರೆ. ನಗು ಮುಗಿದ ಕೂಡಲೇ ಟವೆಲ್ ತೊಟ್ಟಿಯ ಹತ್ತಿರ ಹೋಗಿ ಕೈ ಹಾಕಿ ತಳದವರೆಗೆ ತಡಕುತ್ತಾರೆ. ಆಮೇಲೆ ಮಂಜುಗಡ್ಡೆಯ ಡಬ್ಬದ ಮುಚ್ಚಳ ಎತ್ತುತ್ತಾರೆ.

"ಏನು ಹುಡುಕ್ತಿದ್ದೀಯಾ ರಾಂಡಿ?" ಯೊಲಾಂಡಾ ಕೇಳುತ್ತಾರೆ.

"ಹೆಲ್ಮೆಟ್ ಕಣೇ. ಈ ಮುದುಕ ಎಲ್ಲೋ ಇಟ್ಟುಬಿಟ್ಟಿದ್ದಾನೆ."

ಯೊಲಾಂಡಾ ಪಾವ್ಲಿಕ್ ಕಡೆ ತಿರುಗಿ ದನಿ ತಗ್ಗಿಸುತ್ತಾರೆ. "ಚಿಕ್ಕ ಮಗಳ ಹೆಸರು ಮರೆತು ಆರು ತಿಂಗಳಾಯ್ತು. ಹೋದ ವಾರ ಒಲೆ ಹಚ್ಚಿಟ್ಟು ಹೊರಗೆ ಹೋಗಿಬಿಟ್ಟಿದ್ರು. ಆದ್ರೆ ಡಾಕ್ಟರ ಮುಂದೆ ಕೂರಿಸಿದ್ರೆ... ನೀವೇ ನೋಡಿ. ರಾಂಡಿ, ತಿಂಗಳುಗಳನ್ನ ಹಿಂದುಮುಂದಾಗಿ ಹೇಳು."

ಡಬ್ಬದಿಂದ ತಲೆಯೆತ್ತದೆಯೇ ರಾಂಡಲ್ ಹೇಳುತ್ತಾರೆ: "ಡಿಸೆಂಬರ್, ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್..." ಜನವರಿಯವರೆಗೆ ಒಂದೇ ಉಸಿರು, ಒಂದು ತಪ್ಪಿಲ್ಲ.

"ಕೇಳಿದ್ರಾ? ಮೊದಲನೇ ಡಾಕ್ಟರು ಇದನ್ನ ಕೇಳಿ, ತಲೆ ನೆಟ್ಟಗಿದೆ, ಕುಡಿಯೋದು ಬಿಡಿಸಿ ಅಂದ್ರು. ಇವರು ಕುಡಿಯೋದೇ ಇಲ್ಲ. ಈಗ ಕೊಲಂಬಸ್ ಆಸ್ಪತ್ರೆಯವರು ಎಷ್ಟು ಸಲ ಪೆಟ್ಟು ಬಿದ್ದಿದೆ, ಯಾವಾಗ ಅಂತ ಬರಹದಲ್ಲಿ ತನ್ನಿ ಅಂತಾರೆ. ಇಲ್ದಿದ್ರೆ ಸೇರಿಸಿಕೊಳ್ಳಲ್ಲವಂತೆ."

ಪಾವ್ಲಿಕ್ ಸ್ಟೂಲನ್ನು ಆ ಮೇಲಿನ ಮೂಲೆಯ ಕೆಳಕ್ಕೆ ಎಳೆದು ಹತ್ತುತ್ತಾರೆ. ಓಡಮ್ ಎಂಬ ಹೆಸರಿನ ನಾಲ್ಕು ಪಟ್ಟಿ, ನಾಲ್ಕು ವರ್ಷದವು. ಎರಡನೆಯದರ ಮೇಲೆ ಒಂದು ಚುಕ್ಕೆ, ನಾಲ್ಕನೆಯದರ ಮೇಲೆ ಮೂರು. ಬಿಡಿಸಲು ಎಂಟು ನಿಮಿಷ ಸಾಕು. ಇವತ್ತು ಇಪ್ಪತ್ತು ಹಿಡಿಯುತ್ತದೆ. ತಗಡಿಗೆ ಅಂಟಿಸಿ ಯೊಲಾಂಡಾ ಮುಂದೆ ಇಡುತ್ತಾರೆ.

"ನಾಲ್ಕು," ಯೊಲಾಂಡಾ ಎಣಿಸಿ ಬರೆದುಕೊಳ್ಳುತ್ತಾರೆ.

"ನಾಲ್ಕಲ್ಲಮ್ಮಾ."

ಪಾವ್ಲಿಕ್ ಸ್ಟೂಲಿನ ಮೇಲೆ ಕೂರುತ್ತಾರೆ. ಹೇರ್ ಡ್ರೈಯರ್ ಇನ್ನೂ ಓಡುತ್ತಿದೆ. ಅದು ತಿಳಿದು ಆರಿಸುತ್ತಾರೆ.

"ಎರಡ್ ಸಾವಿರದ ನಾಲ್ಕು, ನವೆಂಬರ್ ಹದಿಮೂರು. ಎದುರು ದಂಡೆಯವರ ಮೇಲೆ ಆಟ, ಇವನ ಕಡೇ ಪಂದ್ಯ. ನಾಲ್ಕು ಪಾಳಿಯ ಆಟದಲ್ಲಿ ಎರಡನೇ ಪಾಳಿ ಹೊತ್ತಿಗೆ ತಲೆಗೆ ತಲೆ ಗುದ್ದಿ ಬಿದ್ದ. ವಾಂತಿ ಮಾಡ್ಕೊಂಡ. ಇದು ಯಾವ ಊರು ಅಂತ ಕೇಳಿದ. ನಾನು ಹೆಲ್ಮೆಟ್ ತೆಗೆದು ಡೋಲಿನ ಪೆಟ್ಟಿಗೆಯಲ್ಲಿಟ್ಟೆ. ನಾಲ್ಕನೇ ಪಾಳಿಗೆ ಮೂರು ಅಂಕ ಹಿಂದೆ ಇದ್ವಿ. ಇವನು ನನ್ನ ತೋಳು ಹಿಡ್ಕೊಂಡ. ಅಮ್ಮ ಮೊದಲನೇ ಸಲ ನೋಡೋಕೆ ಬಂದಿದ್ದಾಳೆ ಪಾವ್, ಬೇಕಾದ್ರೆ ತಿಂಗಳು ಕೇಳು ಅಂದ. ಕೇಳಿದೆ. ತಲೆಗೆ ಪೆಟ್ಟು ಬಿದ್ದೋರಿಗೆ ಆಗ ಇದೇ ಪರೀಕ್ಷೆ. ಈಗ ಹೇಳಿದ್ನಲ್ಲ, ಹಾಗೇ ಹೇಳಿದ."

"ಕೋಚ್ ಹೇಳಿದ್ರಾ ಕೊಡೋಕೆ?"

"ಕೋಚ್ ಆ ಕಡೆ ತಿರುಗಿ ನಿಂತಿದ್ರು. ಕೊಟ್ಟಿದ್ದು ನಾನು. ಆಗಸ್ಟ್‌ನಲ್ಲೇ ಈ ಹುಡುಗ್ರೆಲ್ಲ ಸ್ನಾನದ ಮನೇಲಿ ಡಿಸೆಂಬರ್, ನವೆಂಬರ್ ಅಂತ ಹಾಡ್ಕೊಂಡು ಬಾಯಿಪಾಠ ಮಾಡ್ತಿದ್ರು ಕಣಮ್ಮಾ, ಹೊರಗೆ ಕೂರಿಸಬಾರದು ಅಂತ. ಅವರ ಟವೆಲ್ ಮಡಚ್ತಾ ಕೇಳಿಸ್ಕೊಂಡಿದ್ದೀನಿ. ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ಆಮೇಲೆ ಇನ್ನೊಂದು ಸಲ ಗುದ್ದಿದ. ಆ ಸದ್ದು ನಾನು ನಿಂತಲ್ಲಿಗೆ ಕೇಳಿಸ್ತು. ಎದ್ದು ಎದುರು ತಂಡದವರ ಬೆಂಚಿಗೆ ಹೋಗಿ ಕೂತ. ಜನ ನಕ್ಕರು. ಆವತ್ತು ಸಂಜೆ ನಾನು ಚುಕ್ಕೆ ಇಡಲಿಲ್ಲ. ಕಡೇವರೆಗೆ ಬಚ್ಚಿಟ್ಟಿರಲಿಲ್ವಲ್ಲ."

ಯಂತ್ರ ನೀರು ಹಿಂಡಿ ನಿಲ್ಲುತ್ತದೆ. ಯೊಲಾಂಡಾ ತಗಡನ್ನು ಪಾವ್ಲಿಕ್ ಕಡೆ ಸರಿಸುತ್ತಾರೆ.

"ಅದನ್ನ ಬರೀರಿ," ಅನ್ನುತ್ತಾರೆ. "ದಿನಾಂಕ ಹಾಕಿ. ಎರಡು ಸಲ ಗುದ್ದಿದ್ದನ್ನೂ ಹಾಕಿ. ಕೊಟ್ಟಿದ್ದು ಯಾರು ಅಂತಾನೂ."

ಪಾವ್ಲಿಕ್ ಜೇಬಿನಿಂದ ಪೆನ್ ತೆಗೆಯುತ್ತಾರೆ. ಮೂರು ಚುಕ್ಕೆಗಳ ಪಕ್ಕ ನಾಲ್ಕನೆಯದು, ಅದರ ಪಕ್ಕ ಐದನೆಯದು. ಕೆಳಗೆ ದಿನಾಂಕ, ತಮ್ಮ ಪೂರ್ತಿ ಹೆಸರು. ಅಕ್ಷರ ಸೊಟ್ಟಗಿದೆ, ಆದರೆ ಓದಲು ಬರುತ್ತದೆ. ಇನ್ನು ಮುನ್ನೂರು ಚಿಲ್ಲರೆ ಪಟ್ಟಿ, ಮೂರು ಬೆಳಗು. ಅಷ್ಟು ಮುಗಿದರೆ ಸಾಕು, ಅವರಿಗೆ ಮತ್ತೇನೂ ಬೇಡ.

ರಾಂಡಲ್ ಈಗ ಯಂತ್ರದ ಹಿಂದೆ ಬಗ್ಗಿ ನೋಡುತ್ತಿದ್ದಾರೆ. ಬರಿಗೈಯಲ್ಲಿ ಎದ್ದು ಬಂದು ಮುದುಕನ ತೋಳು ಹಿಡಿಯುತ್ತಾರೆ.

"ಕೊಡೋ ಪಾವ್. ನಾನು ಚೆನ್ನಾಗಿದ್ದೀನಿ. ಬೇಕಾದ್ರೆ ತಿಂಗಳು ಕೇಳು."

"ಕೇಳಲ್ಲ ಮಗಾ," ಪಾವ್ಲಿಕ್ ಆ ಕೈಯ ಮೇಲೆ ಕೈ ಇಡುತ್ತಾರೆ. "ಕೊಡೋದೂ ಇಲ್ಲ. ಇವತ್ತಿಗೆ ನಿನ್ನ ಆಟ ಮುಗೀತು. ಹೋಗಿ ಬೆಂಚ್ ಮೇಲೆ ಕೂತ್ಕೋ."