ಬದಲಿಸಿದ್ದೇನೆಂದು ಬರೆದ ಇಂಪೆಲ್ಲರ್

ಕೊರೊನಾ ಕಳೆದು ಪ್ರವಾಸಿಗರು ಮತ್ತೆ ಗೋವಾಕ್ಕೆ ಮುಗಿಬೀಳತೊಡಗಿದ ಎರಡನೇ ವರ್ಷ. ನಾನು ಆಗ ಉತ್ತರ ಗೋವಾದ ಒಂದು ಬೀಚಿನಲ್ಲಿ ಜೆಟ್ ಸ್ಕೀಗಳ ಮೆಕ್ಯಾನಿಕ್ ಆಗಿದ್ದೆ. ನೀರಿನ ಮೇಲೆ ಓಡುವ ಆ ಗಾಡಿಯನ್ನು ಅಲ್ಲಿ ಎಲ್ಲರೂ ಸ್ಕೂಟರ್ ಅನ್ನುತ್ತಾರೆ. ಅದಕ್ಕೂ ಮೊದಲು ಬೇರೆ ಬೇರೆ ಕಡೆ ಟರ್ನರ್ ಕೆಲಸ ಮಾಡಿದ್ದೆ, ಕೊನೆಯ ಹದಿನಾಲ್ಕು ವರ್ಷ ಗೋವಾದಲ್ಲೇ ಮಡ್ಕಯಿಯ ಕಾರ್ಖಾನೆಯೊಂದರಲ್ಲಿ. ಲೋಹ ಕಡೆಯುವ ಲೇಥ್ ಮೇಲೆ ನನ್ನ ಕೈ ಚೆನ್ನಾಗಿ ಕುಳಿತಿತ್ತು. ಅದು ನನಗೂ ಗೊತ್ತಿತ್ತು, ಗೊತ್ತಿದ್ದದ್ದನ್ನು ನಾನು ಮುಚ್ಚಿಡುತ್ತಲೂ ಇರಲಿಲ್ಲ. ಬಾಗಲಕೋಟೆ ಕಡೆಯ ಮನುಷ್ಯ, ಬಾಯಿ ಸ್ವಲ್ಪ ಜೋರು. ಬೀಚಿನವರು ನನ್ನನ್ನು ಮಿಸ್ತ್ರಿ ಎಂದು ಕರೆಯುತ್ತಿದ್ದರು.

ಆರು ಸ್ಕೂಟರ್‌ಗಳ ಮಾಲೀಕನನ್ನು ನಾವು ಅಲ್ಲಿನ ರೂಢಿಯಂತೆ ಪಾತ್ರಾಂವ್ ಎನ್ನುತ್ತಿದ್ದೆವು. ನಾಲ್ಕನೇ ನಂಬರಿನ ಸ್ಕೂಟರ್ ಓಡಿಸುತ್ತಿದ್ದವನು ಯಲ್ಲಪ್ಪ, ನಮ್ಮ ಹುನಗುಂದದ ಕಡೆಯವನೇ. ಮೂವತ್ತು ದಾಟಿದ ವಯಸ್ಸು. ಹೆಂಡತಿ ಅದೇ ಬೀಚಿನಲ್ಲಿ ಮಣಿಸರ ಮಾರುತ್ತಿದ್ದಳು. ಊರಲ್ಲಿದ್ದಾಗ ಕೆರೆಗಿಂತ ದೊಡ್ಡ ನೀರು ನೋಡದಿದ್ದವನು ಐದು ವರ್ಷ ದಂಡೆಯ ಮೇಲೆ ಲೈಫ್ ಜಾಕೆಟ್ ತೊಡಿಸುವ ಕೆಲಸ ಮಾಡಿದ, ಈಜು ಕಲಿತ, ಪರೀಕ್ಷೆ ಕೊಟ್ಟು ಸ್ಕೂಟರ್ ಓಡಿಸುವ ಪರವಾನಗಿ ಪಡೆದ. ಅದನ್ನು ಲ್ಯಾಮಿನೇಶನ್ ಮಾಡಿಸಿ ಕೊರಳಲ್ಲಿ ಹಾಕಿಕೊಂಡು ತಿರುಗುತ್ತಿದ್ದ. ಆ ಕಾರ್ಡು ಇದ್ದರೆ ಅವನು ಡ್ರೈವರ್, ಇಲ್ಲದಿದ್ದರೆ ಪುನಃ ಕೂಲಿ. ನಡುವೆ ಬೇರೆ ದಾರಿ ಇರಲಿಲ್ಲ.

ಡಿಸೆಂಬರಿನ ನಡುವೆ ಒಂದು ಬೆಳಗ್ಗೆ ಅವನು ಬಂದು, "ಅಣ್ಣಾರ, ಎಂಜಿನ್ ಒದರತೈತಿ, ಗಾಡಿ ಮುಂದ ಹೋಗವಲ್ದು" ಎಂದ. ಕೇಳಿದೊಡನೆ ರೋಗ ತಿಳಿಯಿತು. ಸ್ಕೂಟರ್‌ನ ಹೊಟ್ಟೆಯೊಳಗೆ ಇಂಪೆಲ್ಲರ್ ಎಂಬ ಸ್ಟೀಲಿನ ಪಂಖ ಇರುತ್ತದೆ. ಅದು ಕೆಳಗಿನಿಂದ ನೀರು ಎಳೆದು ಹಿಂದಕ್ಕೆ ರಭಸದಿಂದ ತಳ್ಳಿದರೆ ಸ್ಕೂಟರ್ ಮುಂದೆ ಹೋಗುತ್ತದೆ. ಪಂಖದ ಅಂಚಿಗೂ ಅದರ ಸುತ್ತಲಿನ ಬಳೆಗೂ ನಡುವೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೇ ಸಂದು ಇರಬೇಕು, ಹೆಚ್ಚಾದರೆ ತಳ್ಳುವ ಬಲ ಸೋರಿಹೋಗುತ್ತದೆ. ಪಂಖ ಕೂತಿರುವ ಪಂಪ್ ಬಿಚ್ಚಿ, ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ನೋಡಿದೆ, ಒಂದೂವರೆ ಮಿಲಿಮೀಟರ್ ಇತ್ತು. ಅಂಚುಗಳನ್ನು ಇಲಿ ಕಡಿದ ಹಾಗಿತ್ತು.

ಕಡಿದದ್ದು ಮರಳು. ಸೊಂಟಮಟ್ಟದ ನೀರಿಗೆ ಇಳಿಸಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕೆಂದು ಕಂಪನಿಯ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮ ಬೀಚಿನಲ್ಲಿ ಮೊಣಕಾಲಮಟ್ಟದಲ್ಲೇ ಮಾಡುತ್ತಿದ್ದರು, ಪಂಖ ತಳದ ಮರಳನ್ನೂ ಎಳೆದುಕೊಳ್ಳುತ್ತಿತ್ತು. ಗಿರಾಕಿಗಳ ಪ್ಯಾಂಟು ನೆನೆಯಬಾರದು, ಪಾತ್ರಾಂವ್‌ಗೆ ಗಿರಾಕಿ ತಪ್ಪಬಾರದು. ಎಷ್ಟು ಬಾರಿ ಬೈದರೂ ಕೇಳುವವರಿಲ್ಲ.

ಹೊಸ ಇಂಪೆಲ್ಲರ್‌ಗೆ ಆರ್ಡರ್ ಕೊಟ್ಟೆವು, ಮುಂಬೈಯಿಂದ ಬರಲು ಎಂಟು ದಿನ ಬೇಕಿತ್ತು. ಪಾತ್ರಾಂವ್ ಹಣೆ ಒತ್ತಿಕೊಂಡ. ವರ್ಷಾಂತ್ಯದ ಜನಜಾತ್ರೆ ತಲೆಯ ಮೇಲಿತ್ತು. "ಮಿಸ್ತ್ರಿ, ನಿನ್ನ ಕೈಯಲ್ಲಿ ಆಗದ್ದು ಏನಿದೆ? ಇದನ್ನೇ ಸರಿಮಾಡು" ಎಂದು ಕೊಂಕಣಿಯಲ್ಲಿ ಪುಸಲಾಯಿಸಿದ. ಅಷ್ಟು ಸಾಕಾಯಿತು ನನಗೆ. ಹೊಗಳಿಕೆಗೆ ಉಬ್ಬುವ ಜಾತಿ ನನ್ನದು.

ಹಳೆಯ ಪಂಖವನ್ನು ಮಡ್ಕಯಿಗೆ ಒಯ್ದೆ. ಪರಿಚಯದ ವರ್ಕ್‌ಶಾಪಿನಲ್ಲಿ ಸವೆದ ಅಂಚುಗಳಿಗೆ ವೆಲ್ಡಿಂಗ್ ತುಂಬಿಸಿ, ನಾನೇ ಲೇಥ್ ಹಿಡಿದು ಅಳತೆಗೆ ತಂದೆ. ಎಷ್ಟೋ ಪಂಪುಗಳ ಪಂಖಗಳನ್ನು ಹೀಗೆ ಬದುಕಿಸಿದವನು ನಾನು. ಆದರೆ ವೆಲ್ಡಿಂಗ್ ಆದ ಮೇಲೆ ಮಾಡಲೇಬೇಕಾದ ಒಂದು ಪರೀಕ್ಷೆ ಇದೆ. ಕೆಂಪು ದ್ರವ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ ಕೂದಲೆಳೆಯಷ್ಟು ಬಿರುಕೂ ಕೆಂಪಾಗಿ ಎದ್ದು ಕಾಣುತ್ತದೆ. ಕಾರ್ಖಾನೆಯಲ್ಲಿ ಅದನ್ನು ಮಾಡದೆ ಒಂದು ತುಣುಕನ್ನೂ ಹೊರಗೆ ಬಿಟ್ಟವನಲ್ಲ. ಅಂದು ಹೊರಗೆ ಪಾತ್ರಾಂವ್‌ನ ಪಿಕಪ್ ಹಾರ್ನ್ ಹೊಡೆಯುತ್ತಿತ್ತು. ಕೈಯಲ್ಲಿ ಪಂಖ ಕನ್ನಡಿಯಂತೆ ಹೊಳೆಯುತ್ತಿತ್ತು. ಇದರಲ್ಲಿ ಎಲ್ಲಿಯ ಬಿರುಕು ಎಂದುಕೊಂಡು ಹೊರಟುಬಿಟ್ಟೆ.

ಮಧ್ಯಾಹ್ನವೇ ಜೋಡಿಸಿದೆ. ಪ್ರತಿ ಸ್ಕೂಟರ್‌ಗೂ ಒಂದು ರಿಪೇರಿ ರಿಜಿಸ್ಟರ್ ಇತ್ತು, ಪರವಾನಗಿ ಕೊಡುವ ಸರ್ಕಾರಿ ಇಲಾಖೆಯ ತಪಾಸಣೆಯವರು ಕೇಳಿದರೆ ತೋರಿಸಬೇಕು. ವೆಲ್ಡಿಂಗ್ ಮಾಡಿದ್ದು ಎಂದು ಬರೆದರೆ ನೀರಿಗೆ ಇಳಿಸಲು ಬಿಡುವುದಿಲ್ಲ. "ಇಂಪೆಲ್ಲರ್ ಬದಲಿಸಿದೆ" ಎಂದು ಬರೆದು ಸಹಿ ಹಾಕಿದೆ. ಯಾರೂ ಕೈ ಹಿಡಿದು ಬರೆಸಲಿಲ್ಲ. ಯಲ್ಲಪ್ಪ ಬಂದು ಇಣುಕಿದ.

"ಹೊಸಾದು ಹಾಕಿದ್ರೇನ್ರಿ ಅಣ್ಣಾರ?"

"ಹೊಸಾದಕ್ಕಿಂತ ಚಲೋ ಐತಿ. ಸುಮ್ನ ಓಡಸು."

ಮೂರನೇ ದಿನ ಅವನು ಮತ್ತೆ ಬಂದ. "ನಿನ್ನಿಯಿಂದ ಹ್ಯಾಂಡಲ್ ನಡಗಾಕತ್ತೈತ್ರಿ. ಜೋರ ಬಿಟ್ರ ಸೀಟಿನ ತಳಗೂ ಗೊತ್ತಾಗತೈತಿ." ನಾನು ಇನ್ನೊಂದು ಎಂಜಿನ್ನಿನಲ್ಲಿ ತಲೆ ತೂರಿಸಿದ್ದೆ. ನನ್ನ ಕೆಲಸಕ್ಕೆ ಬೆರಳು ತೋರಿಸಿದನೆಂದು ಸಿಟ್ಟು ನೆತ್ತಿಗೇರಿತು. "ನಡಗಾಕತ್ತಿದ್ದು ನಿನ್ನ ಕೈ ಇರಬೇಕು ನೋಡು. ನಾ ಲೇಥ್ ಹಿಡದಾಗ ನೀ ಇನ್ನಾ ಚಡ್ಡಿ ಹಾಕ್ತಿರಲಿಲ್ಲ" ಎಂದೆ. ಸುತ್ತಲಿದ್ದವರು ನಕ್ಕರು. ಅವನೂ ನಕ್ಕು ಹೊರಟುಹೋದ. ಪಂಪ್ ಬಿಚ್ಚಿ ನೋಡಲು ನನಗೆ ಅರ್ಧ ತಾಸು ಸಾಕಿತ್ತು.

ಮರುದಿನ ಮಧ್ಯಾಹ್ನ ಮೂರರ ಸುಮಾರಿಗೆ ಪಂಖದ ಒಂದು ರೆಕ್ಕೆ ಮುರಿದು, ಪಂಖ ಬಳೆಯೊಳಗೆ ಸಿಕ್ಕಿಹಾಕಿಕೊಂಡಿತು. ನೀರಿನ ಸ್ಕೂಟರ್‌ಗೆ ಬ್ರೇಕ್ ಇಲ್ಲ, ಚುಕ್ಕಾಣಿಯೂ ಇಲ್ಲ. ಹಿಂದೆ ಚಿಮ್ಮುವ ನೀರಿನ ದಿಕ್ಕು ಬದಲಿಸಿಯೇ ಅದನ್ನು ತಿರುಗಿಸಬೇಕು. ನೀರು ಚಿಮ್ಮುವುದು ನಿಂತರೆ ಹ್ಯಾಂಡಲ್ ಎಷ್ಟು ತಿರುವಿದರೂ ಅದು ನೇರವಾಗಿಯೇ ಹೋಗುತ್ತದೆ. ಯಲ್ಲಪ್ಪ ದಂಡೆಯ ಕಡೆಗೆ ತಿರುಗಿಸಲು ಹೊರಟ ಗಳಿಗೆಯಲ್ಲೇ ಆ ನೀರು ನಿಂತಿತು. ಎದುರಿಗೆ ಲಂಗರು ಹಾಕಿದ್ದ ಮೀನುಗಾರರ ದೋಣಿಗೆ ಸ್ಕೂಟರ್ ನೇರವಾಗಿ ಗುದ್ದಿತು. ಹಿಂದೆ ಕುಳಿತಿದ್ದ ಪುಣೆಯ ಹೆಣ್ಣುಮಗಳ ಕಾಲು ಎರಡು ಕಡೆ ಮುರಿಯಿತು. ಅವಳನ್ನು ನೀರಿನ ಮೇಲೆ ಎತ್ತಿ ಹಿಡಿದುಕೊಂಡೇ ಯಲ್ಲಪ್ಪ ದಂಡೆಗೆ ತಂದ.

ಸ್ಕೂಟರ್ ಎಳೆದು ತಂದ ಮೇಲೆ ತಳದ ಜಾಲರಿಯೊಳಗೆ ಕೈ ಹಾಕಿ ನೋಡಿದೆ. ಮುರಿದ ಜಾಗ ಬೆರಳಿಗೆ ಸಿಕ್ಕಿತು, ಸರಿಯಾಗಿ ನನ್ನ ವೆಲ್ಡಿಂಗ್ ಅಂಚಿನಲ್ಲಿ. ಕೈ ಹೊರತೆಗೆದು ಒರೆಸಿಕೊಂಡೆ. ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಇಲಾಖೆಯ ಇಬ್ಬರು ತಪಾಸಣೆಗೆ ಬಂದರು. ಡ್ರೈವರ್ ವೇಗವಾಗಿ ಹೋಗಿ ದೋಣಿಗೆ ಗುದ್ದಿದ ಎಂಬುದು ಪಾತ್ರಾಂವ್‌ನ ಹೇಳಿಕೆ. ಹ್ಯಾಂಡಲ್ ತಿರುಗಿಸಿದೆ, ಸ್ಕೂಟರ್ ತಿರುಗಲಿಲ್ಲ ಎಂಬುದು ಯಲ್ಲಪ್ಪನ ಹೇಳಿಕೆ. ಅವರು ಪಂಪ್ ಬಿಚ್ಚಿಸಲಿಲ್ಲ, ರಿಜಿಸ್ಟರ್ ತೆರೆದು ನನ್ನ ಸಹಿ ನೋಡಿದರು. ನಾಲ್ಕು ದಿನಗಳ ಹಿಂದಷ್ಟೇ ಇಂಪೆಲ್ಲರ್ ಬದಲಿಸಿದೆಯಲ್ಲ, ಯಂತ್ರದಲ್ಲಿ ಏನಾದರೂ ದೋಷವಿತ್ತೇ ಎಂದು ನನ್ನನ್ನು ಕೇಳಿದರು. ಹ್ಯಾಂಡಲ್ ನಡುಗುತ್ತಿತ್ತು, ಮಿಸ್ತ್ರಿಗೆ ಹೇಳಿದ್ದೆ ಎಂದು ಯಲ್ಲಪ್ಪ ಆಗಲೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಊರ ಕಡೆಯ ಹಿರಿಯನ ಮೇಲೆ ಹೊರಗಿನವರ ಮುಂದೆ ದೂರು ಹೇಳಬಾರದೆಂಬ ನಡತೆ ನಮ್ಮ ಜನರಲ್ಲಿದೆ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಇಷ್ಟೇ ಅಂದ: "ಅಣ್ಣಾರ, ನೀವ ಹೇಳ್ರಿ."

ನಾನು ಹೇಳಿದೆ. "ಮಷೀನ್ ಠೀಕ್ ಥಾ."

ನಾನು ಇನ್ನೂ ಏನೋ ಹೇಳುತ್ತೇನೆಂದು ಯಲ್ಲಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ತಪಾಸಣೆಯವರು ಕೊರಳಿನ ಕಾರ್ಡು ಕೇಳಿದಾಗ ತಾನೇ ಬಿಚ್ಚಿ ಕೊಟ್ಟ. ಅದು ಅವನಿಗೆ ಮತ್ತೆ ಸಿಗಲಿಲ್ಲ.

ಹೊಸ ಇಂಪೆಲ್ಲರ್ ಹೇಳಿದ ದಿನಕ್ಕೇ ಬಂತು. ಪೆಟ್ಟಿಗೆ ಒಡೆದು ನಾನೇ ಜೋಡಿಸಿದೆ, ಅಳತೆ ಕೂದಲೂ ಆಚೀಚೆ ಇರಲಿಲ್ಲ. ರಿಜಿಸ್ಟರ್‌ನಲ್ಲಿ ಏನೂ ಬರೆಯಲಿಲ್ಲ. ಬದಲಿಸಿದೆ ಎಂದು ಮೊದಲೇ ಬರೆದಾಗಿತ್ತಲ್ಲ. ಮುರಿದದ್ದನ್ನು ಪಾತ್ರಾಂವ್ ಎಲ್ಲಿಗೋ ಒಯ್ದ, ನಾನೂ ಕೇಳಲಿಲ್ಲ. ಆ ಸೀಸನ್ ಮುಗಿಯುತ್ತಲೇ ಕೆಲಸ ಬಿಟ್ಟೆ. ಬಿಟ್ಟದ್ದರಿಂದ ಯಾರಿಗೇನು ಒಳ್ಳೆಯದಾಯಿತು? ಯಾರಿಗೂ ಇಲ್ಲ.

ಒಂದು ವರ್ಷದ ನಂತರ ಯಲ್ಲಪ್ಪ ದಕ್ಷಿಣ ಗೋವಾದ ಕೆಪೆಯಲ್ಲಿದ್ದಾನೆಂದು ತಿಳಿದು ಹುಡುಕಿಕೊಂಡು ಹೋದೆ. ಕಟ್ಟುತ್ತಿದ್ದ ಕಟ್ಟಡವೊಂದರ ಕೆಳಗೆ ಕಾಂಕ್ರೀಟ್ ಕಲಸುತ್ತಿದ್ದ. ಹೆಂಡತಿ ಬುಟ್ಟಿ ಹೊರುತ್ತಿದ್ದಳು, ನನ್ನನ್ನು ಕಂಡವಳೇ ಆಚೆ ತಿರುಗಿ ಹೋದಳು. ಅವನು ಸಲಿಕೆ ಇಟ್ಟು, "ಬರ್ರಿ ಅಣ್ಣಾರ, ಚಾ ಕುಡೀತೀರೇನು?" ಎಂದ. ಆ ಮರ್ಯಾದೆ ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಿಂತಲ್ಲೇ ಎಲ್ಲ ಹೇಳಿದೆ. ವೆಲ್ಡಿಂಗ್, ಮಾಡದ ಪರೀಕ್ಷೆ, ಸುಳ್ಳು ಸಹಿ, ಎಲ್ಲವನ್ನೂ. ತಪಾಸಣೆಯವರ ಬಳಿ ಹೋಗಿ ಈಗಲೂ ಬರೆದುಕೊಡುತ್ತೇನೆ ಎಂದೆ.

ಅವನಿಗೆ ಆಶ್ಚರ್ಯವಾಗಲಿಲ್ಲ. "ಅವತ್ತ ನೀವು ಜಾಲರಿಯಾಗ ಕೈ ಹಾಕಿ ನೋಡಿ, ಕೈ ಒರಸಿಕೊಂಡ್ರಲ್ರಿ, ಆಗ ಗೊತ್ತಾತು ನನಗ. ಆದ್ರೂ ನೀವು ಹೇಳ್ತೀರಿ ಅಂತ ತಿಳಕೊಂಡಿದ್ದೆ." ಸಲಿಕೆ ಎತ್ತಿಕೊಂಡು ಕಾಂಕ್ರೀಟ್ ಒಮ್ಮೆ ತಿರುವಿದ. ಅದು ಗಟ್ಟಿಯಾಗತೊಡಗಿತ್ತು. "ಈಗ ಬರಕೊಟ್ರ ನಿಮ್ಮ ಎದಿ ಹಗುರ ಆಗತೈತ್ರಿ. ನನಗೇನ ಆಗತೈತಿ? ಈ ಕೈ ನೋಡ್ರಿ, ಇನ್ನ ನೀರಿನ ಮ್ಯಾಲ ಗಾಡಿ ಹಿಡಿಯೂ ಕೈ ಅಲ್ಲ ಇವು."

ಸಿಮೆಂಟು ತಿಂದು ಅವನ ಬೆರಳುಗಳು ಸೀಳಿದ್ದವು. ನಾನು ಚಹಾ ಕುಡಿಯದೆ ಬಂದೆ.

ಆದರೂ ಹೋಗಿ ಬರೆದುಕೊಟ್ಟೆ. ತೆಗೆದುಕೊಂಡರು, ಠಸ್ಸೆ ಹೊಡೆದರು. ಯಂತ್ರ ಗುಜರಿಗೆ ಹೋಗಿತ್ತು, ಮುರಿದ ತುಣುಕು ಇರಲಿಲ್ಲ, ಇದ್ದ ಸಾಕ್ಷಿ ರಿಜಿಸ್ಟರ್ ಒಂದೇ. ಅದರಲ್ಲಿ ನನ್ನದೇ ಅಕ್ಷರ, ನನ್ನದೇ ಸಹಿ, ಅವರು ಅದನ್ನೇ ನಿಜವೆಂದು ಇಟ್ಟುಕೊಂಡರು. ಅಕ್ಷರ ಚೆನ್ನಾಗಿದೆ ಎಂದು ಅಲ್ಲಿದ್ದವರೊಬ್ಬರು ಅಂದರು. ಅಳತೆ, ವೆಲ್ಡಿಂಗ್, ಲೇಥ್ ಇಷ್ಟೇ ಮಿಸ್ತ್ರಿಯ ಕೆಲಸ, ಬರೆಯುವುದು ಬರೀ ಕಾಗದದ ಕೆಲಸ ಎಂದು ಮೂವತ್ತು ವರ್ಷ ತಿಳಿದಿದ್ದೆ. ನನ್ನ ವೆಲ್ಡಿಂಗ್ ನಾಲ್ಕು ದಿನ ತಡೆಯಿತು. ರಿಜಿಸ್ಟರ್‌ನಲ್ಲಿ ನಾನು ಬರೆದ ಎರಡು ಪದಗಳನ್ನು ಇಂದಿಗೂ ಯಾರಿಗೂ ಮುರಿಯಲಾಗಿಲ್ಲ, ನನಗೂ ಸಹ.