ಖಾನಾಪುರದ ಗ್ಯಾಲರಿ

೧೯೯೪ರಲ್ಲಿ, ಏಳನೆಯ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಬೆಳಗಾವಿಯಲ್ಲಿ ಸ್ಲ್ಯಾಬಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ಸೇರಿ ಮೇಸ್ತ್ರಿಯಾದೆ. ನಾನು ಹಾಕಿದ ಒಂದು ಸ್ಲ್ಯಾಬೂ ಸೋರಿಲ್ಲ ಎಂದು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದೆ. ನಕ್ಷೆ ಮಾಡಿಕೊಡುತ್ತಿದ್ದವರು ವಿಶ್ವವಿದ್ಯಾಲಯದಲ್ಲಿ ಕಲಿಸುವ ಒಬ್ಬ ಇಂಜಿನಿಯರ್ ಸರ್. ರಾಡಿನ ಲೆಕ್ಕ ಅವರದು, ಕೈ ನನ್ನದು.

ಖಾನಾಪುರದಲ್ಲಿ ಕಟ್ಟುತ್ತಿದ್ದ ಒಂದು ಮನೆಗೆ, ಮಹಡಿಯಲ್ಲಿ, ಕಂಬವಿಲ್ಲದೆ ನಾಲ್ಕೂವರೆ ಅಡಿ ಹೊರಚಾಚಿದ ಗ್ಯಾಲರಿ ಇತ್ತು. ಗ್ಯಾಲರಿಯ ರಾಡು ಸ್ಲ್ಯಾಬಿನ ಮೇಲ್ಭಾಗದಲ್ಲಿರಬೇಕು. ಕೆಳಗಿಳಿದರೆ ಇದ್ದೂ ಇಲ್ಲದಂತೆ, ಗ್ಯಾಲರಿ ಮುರಿದು ಬೀಳಬಹುದು. ಅದನ್ನು ಎತ್ತಿ ಹಿಡಿಯಲು ರಾಡಿನ ತುಂಡು ಬಗ್ಗಿಸಿ ಕೆಳಗೆ ಇಡುತ್ತೇವೆ; ಅದಕ್ಕೆ ಕುರ್ಚಿ ಅನ್ನುತ್ತೇವೆ. ಕಾಂಕ್ರೀಟ್ ಹಾಕುವ ದಿನ ಕಣಕುಂಬಿಯ ಕಡೆಯಿಂದ ಮೋಡ ಏರಿ ಬಂತು. ಅವಸರದಲ್ಲಿ ಅರ್ಧದಷ್ಟು ಕುರ್ಚಿಗಳನ್ನು ಇಡಲೇ ಇಲ್ಲ. ಬುಟ್ಟಿ ಹೊತ್ತ ಆಳುಗಳು ರಾಡಿನ ಮೇಲೇ ಓಡಾಡಿದರು. ರಾಡು ಕೆಳಕ್ಕೆ ಕೂರುವುದನ್ನು ಕಂಡೂ ಕೆಲಸ ನಿಲ್ಲಿಸಲಿಲ್ಲ.

ಸಂಜೆ ಸರ್ ಫೋನ್ ಮಾಡಿದರು. “ಮೇಸ್ತ್ರಿ, ರಾಡ್ ಮ್ಯಾಲೇ ಉಳದಾವಿಲ್ರಿ?”

“ಉಳದಾವ್ರಿ ಸರ್. ನಾನ ನಿಂತಿದ್ದೆ.”

ಹೆದರಿಕೆ ಅಲ್ಲಿಂದ ಶುರುವಾಯಿತು. ಗ್ಯಾಲರಿಗೆ ಕೆಳಗಿನಿಂದ ಕೊಟ್ಟ ಟೇಕು ತೆಗೆಯುವ ದಿನ ಹತ್ತಿರ ಬಂದಂತೆ ಅದು ಬೆಳೆಯುತ್ತ ಹೋಯಿತು. ಮನೆಯ ಯಜಮಾನರು ಮಾತ್ರ ಖುಷಿಯಲ್ಲಿದ್ದರು. “ವಾಸ್ತುಶಾಂತಿ ದಿನ ನಮ್ಮ ಮನಿ ಹೆಣ್ಮಕ್ಕಳೆಲ್ಲಾ ಈ ಗ್ಯಾಲರ್ಯಾಗ ನಿಂತು ಫೋಟೊ ತಗಸ್ತಾರ್ರಿ. ನೀವೂ ಮ್ಯಾಲ ಬರ್ರಿ.” ನಕ್ಕೆ. ನನ್ನ ಕಣ್ಣಿಗೆ ಬಿದ್ದದ್ದು ಗ್ಯಾಲರಿಯ ನೇರ ಕೆಳಗಿನ ಅಂಗಳದ ಹಾಸುಗಲ್ಲು.

ಟೇಕು ತೆಗೆಯುವ ಹಿಂದಿನ ದಿನ ಬಸ್ ಹಿಡಿದು ಸರ್ ಕಲಿಸುವಲ್ಲಿಗೇ ಹೋದೆ. ಪಾಠ ನಡೆದಿತ್ತು. ಬಾಗಿಲಲ್ಲಿ ನಿಂತ ನನ್ನತ್ತ ತರಗತಿಯೇ ತಿರುಗಿತು. ಸರ್ ಹೊರಗೆ ಬಂದರು.

“ಸುಳ್ಳ ಹೇಳೇನ್ರಿ ಸರ್. ರಾಡ್ ಕುಂತಾವ.”

ಅವರ ಮುಖ ಬಿಳಿಚಿತು. “ಟೇಕು ತಗದೀರೇನು?”

“ಇಲ್ರಿ.”

“ಹಂಗಾರ ನಡೀರಿ. ಕ್ಲಾಸ್ ಐತಂತ ಅವತ್ತ ನಾ ಬರಲಿಲ್ಲ. ನಂದೂ ತಪ್ಪೈತಿ.” ತರಗತಿಗೆ ಮರಳದೆ, ಚಾಕ್ ಹಿಡಿದೇ ಅವರು ಮೆಟ್ಟಿಲಿಳಿದರು. ಅದನ್ನು ಕಂಡು ನನಗೆ ಮತ್ತಷ್ಟು ಭಯವಾಯಿತು.

ಖಾನಾಪುರಕ್ಕೆ ಬಂದು ಗ್ಯಾಲರಿಯ ಮೇಲಿನಿಂದ ಚಾಣದಲ್ಲಿ ಕಾಂಕ್ರೀಟ್ ಕೆತ್ತಿ ನೋಡಿದೆವು. ಒಂದು ಇಂಚು ಆಳದಲ್ಲಿ ಸಿಗಬೇಕಾದ ರಾಡು ನಾಲ್ಕು ಇಂಚಿಗೆ ಸಿಕ್ಕಿತು.

“ಸೋರೂದಿಲ್ಲಾ ಅಂತ ಊರೆಲ್ಲಾ ಹೇಳತಿದ್ದಿ,” ಎಂದರು ಯಜಮಾನರು. “ಬೀಳತೈತಿ ಅಂತ ಹೇಳಲಿಲ್ಲಲ್ಲಪಾ.”

ನಾನೇ ಸುತ್ತಿಗೆ ಎತ್ತಿ ಗ್ಯಾಲರಿ ಒಡೆದೆ. ಮತ್ತೆ ಹಾಕಿದ ದಿನ ಸರ್ ರಜೆ ತೆಗೆದುಕೊಂಡು ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದರು. ಅದು ಈಗಲೂ ಗಟ್ಟಿಯಾಗಿದೆ. ಆದರೂ ಬಸ್ ಆ ಕಡೆ ಹೋದಾಗಲೆಲ್ಲ ಕತ್ತೆತ್ತಿ ನೋಡುತ್ತೇನೆ.

ಈಗ ನನ್ನ ಕೈಕೆಳಗೆ ಎಂಟು ಜನ ಇದ್ದಾರೆ. ಒಂದು ಮಿಕ್ಸರ್ ಇದೆ, ನೂರಾ ನಲವತ್ತು ಸೆಂಟ್ರಿಂಗ್ ಪ್ಲೇಟು ಇವೆ. ಬೆಳಗಾವಿಯ ವಡಗಾವಿಯಲ್ಲಿ ಎರಡು ಖೋಲಿಯ ಸ್ವಂತ ಮನೆ. ಅದಕ್ಕೆ ಗ್ಯಾಲರಿ ಇಟ್ಟಿಲ್ಲ.